ದುಗ್ಗ ಹಿಡಿದ ಹಗ್ಗ

ಈ ಕತೆಯಲ್ಲಿ ಒಂದು ಮಾತು ಸುಳ್ಳು ಅಂತ ನಿಮಗನ್ನಿಸಿದರೆ ಅದನ್ನು ತೆಗೆದು ಪಕ್ಕಕ್ಕಿಟ್ಟು ಮುಂದಿನದನ್ನು ಕೇಳಿ. ಮುಂದಿನದೂ ಹಾಗೇ ಅನ್ನಿಸಿದರೆ ನಾನೇನು ಮಾಡಲಿ? ಊರಿನ ಹೆಸರು ಗೋಣಿಗಟ್ಟೆ ಅಂತಿಟ್ಟುಕೊಳ್ಳಿ. ನಿಜವಾದ ಹೆಸರು ಹೇಳಿದರೆ ಆ ಊರಿನವರು ದೊಣ್ಣೆ ಹಿಡಿದು ನಮ್ಮನೆ ಬಾಗಿಲಿಗೆ ಬಂದಾರು.

ಗೋಣಿಗಟ್ಟೆಯಲ್ಲಿ ಕೊಟ್ರವ್ವ ಅಂತ ಒಬ್ಬಳು. ಕತ್ತಾಳೆ ನಾರಿನ ಹಗ್ಗ ಹೊಸೆಯುವುದು ಅವಳ ಕಸುಬು. ಅವಳಿಗೊಬ್ಬನೇ ಮಗ, ದುಗ್ಗ. ಆಳು ಬಾಗಿಲಿಗಿಂತ ಎತ್ತರ, ತೋಳು ಒನಕೆ, ತಲೆ ಮಾತ್ರ ಬರೀ ಮಡಕೆ. ಅವ್ವ ರಾಟೆ ತಿರುಗಿಸುತ್ತಿದ್ದಳು, ಮಗ ನಾರಿನ ಎಳೆ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಎಳೆ ಸಡಿಲಾಗಬಾರದು, ಅಷ್ಟೇ. ಹುರಿ ಏರಿ ಹಗ್ಗ ಗಿಡ್ಡವಾಗತೊಡಗಿದಾಗ ಅವ್ವ "ಬಾರೋ ಬಾ, ಮೆಲ್ಲಕೆ ಬಾ" ಅಂತ ರಾಗ ತೆಗೆಯುತ್ತಿದ್ದಳು. ಆ ರಾಗಕ್ಕೆ ತಕ್ಕ ಹಾಗೆ ಮಗ ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಇದೊಂದೇ ಕೆಲಸ. ಬಾಕಿ ಎಲ್ಲದರಲ್ಲೂ ಅವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಹೇಳಿದ ಜಾಗದಲ್ಲಿ ಮಾತ್ರ ಮಾಡದವನು.

ನೈಲಾನ್ ಹಗ್ಗ ಬಂತು. ಕತ್ತಾಳೆ ಹಗ್ಗ ಕೇಳುವವರಿಲ್ಲ. ರಾಟೆ ಮೂಲೆಗೆ ಬಿತ್ತು.

"ಸರಿ, ನಾನು ಇರೋತನಕ ಹೆಂಗೋ ನಡೀತೈತೆ," ಅಂದಳು ಕೊಟ್ರವ್ವ. ಅವಳಿಗೆ ಯಾವ ಮಾತಿಗೂ ಮುಂಚೆ ಒಂದು 'ಸರಿ' ಬೇಕು. "ಸರಿ, ಉಣ್ಣು ಬಾ", "ಸರಿ, ಬಾಗಿಲು ಹಾಕು". "ಸರಿ, ನಾನು ಹೋದಮೇಲೆ ಈ ಕೋಣಂಗೆ ಕೆಲಸ ಕೊಡೋರು ಯಾರು?"

ಅದೇ ಹೊತ್ತಿಗೆ ಊರ ಕ್ರೀಡಾಂಗಣದಲ್ಲಿ ಒಂದು ಗೋಡೆ ಎದ್ದಿತು. ಮನೆಯ ಗೋಡೆಯಲ್ಲ, ಕೋಟೆಯ ಗೋಡೆಯಲ್ಲ, ಹತ್ತುವುದಕ್ಕೆಂದೇ ಕಟ್ಟಿದ ಗೋಡೆ. ಕಬ್ಬಿಣದ ಕಂಬಕ್ಕೆ ಹಲಗೆ ಬಡಿದು, ಹಲಗೆಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆ ತಿರುಪು ಹಾಕಿ ಕೂರಿಸಿದ್ದರು. ಸುತ್ತಮುತ್ತ ದೇವರು ಇಟ್ಟ ಬಂಡೆ ಇಷ್ಟಿರುವಾಗ ಇದೆಂಥ ಹಲಗೆ ಬಂಡೆ ಅಂತ ಊರು ನಕ್ಕಿತು. ಅಲ್ಲಿ ಹತ್ತುವುದು, ಇಳಿಯುವುದು, ಹಗ್ಗ ಹಿಡಿಯುವುದು ಕಲಿಸಲು ಶೈನಾಜ್ ಮೇಡಮ್ ಬಂದರು. ಆಳು ಪುಟ್ಟದು, ಕೊರಳಲ್ಲಿ ಸೀಟಿ, ಕಣ್ಣಲ್ಲಿ ಬೆಂಕಿ. ಕಲಿತು ಪರೀಕ್ಷೆಯಲ್ಲಿ ಪಾಸಾದವನೊಬ್ಬನಿಗೆ ಆ ಗೋಡೆಯ ಬುಡದಲ್ಲೇ ಹಗ್ಗ ಹಿಡಿಯುವ ಕಾಯಂ ಕೆಲಸ ಅಂತ ಸುದ್ದಿಯಾಯಿತು.

ಕೊಟ್ರವ್ವ ಮಗನ ಕೈ ಹಿಡಿದು ಎಳೆದುಕೊಂಡೇ ಹೋದಳು. "ತಾಯಿ, ಹಗ್ಗ ಹಿಡಿಯೋದು ನಮ್ಮ ವಂಶದ ಕೆಲಸ. ಇವನಿಗೆ ಬುದ್ಧಿ ಒಂದಿಲ್ಲ, ಅದನ್ನ ನೀವೇ ಹೇಳಿಕೊಡ್ರಿ."

ಮೊದಲ ದಿನ ಮೇಡಮ್ ಅವನ ತಲೆಗೆ ಹೆಲ್ಮೆಟ್ ಹಾಕಿದರು. "ನೋಡಪ್ಪ ದುಗ್ಗಪ್ಪ, ಗೋಡೆ ಹತ್ತಿರ ಇದನ್ನ ತೆಗೀಬಾರದು. ಮೇಲಿಂದ ಏನು ಬೇಕಾದರೂ ಬೀಳಬಹುದು."

"ಆಯ್ತು ಮೇಡಮ್ಮೋರೇ, ಹಾಗೇ ಮಾಡ್ತೀನಿ."

ಹಾಗೇ ಮಾಡಿದ. ಮನೆಗೆ ಹೆಲ್ಮೆಟ್ಟಿನಲ್ಲೇ ಬಂದ. ಹೆಲ್ಮೆಟ್ಟಿನಲ್ಲೇ ಉಂಡ. ಅವ್ವ ತಲೆಗೆ ನೀರು ಹುಯ್ಯಲು ಹೋದರೆ ನೀರು ಡಬಡಬ ಅಂತು.

"ತೆಗಿಯೋ ಅದನ್ನ!"

"ಗೋಡೆ ಹತ್ರ ತೆಗೀಬಾರದಂತವ್ವಾ. ಇಲ್ಲಿ ನಾಕೂ ಕಡೆ ಗೋಡೆ ಐತಲ್ಲ!"

ಕೊಟ್ರವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಅದು ಅವರ ಸಾಮಾನು ಕಣೋ! ಕೆಲಸ ಮುಗೀತಾ, ಮೈಮೇಲಿರೋದನ್ನೆಲ್ಲ ಬಿಚ್ಚಿ ಅವರಿಗೆ ಕೊಟ್ಟುಬಿಡು!"

"ಆಯ್ತವ್ವಾ, ಹಾಗೇ ಮಾಡ್ತೀನಿ."

ಮಾರನೆಯ ದಿನ ಮೇಡಮ್ ಅವನ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಪಟ್ಟಿಗೆ ಹಗ್ಗದ ಗಂಟು ಹಾಕಿ, "ಮೇಲೆ ಅಟ್ಟ ಕಾಣ್ತದಲ್ಲ, ಅಲ್ಲೀತನಕ ಹತ್ತೋದು. ಅಷ್ಟೇ ಇವತ್ತಿನ ಕೆಲಸ," ಅಂದರು. ಅಟ್ಟ ಅಂದರೆ ಗೋಡೆಯ ನೆತ್ತಿಯಲ್ಲಿ ಒಂದು ಹಲಗೆ, ಒಬ್ಬ ಕೂತರೆ ಇನ್ನೊಬ್ಬನಿಗೆ ಜಾಗವಿಲ್ಲ. ದುಗ್ಗ ಕೋತಿಯ ಹಾಗೆ ಹತ್ತಿದ. ಅಟ್ಟದ ಮೇಲೆ ನಿಂತ. ಕೆಲಸ ಮುಗೀತು.

ಕೆಲಸ ಮುಗಿದರೆ ಏನು ಮಾಡಬೇಕು?

ಟಪ್ ಅಂತ ಹೆಲ್ಮೆಟ್ ಕೆಳಗೆ ಬಿತ್ತು. "ತಗೊಳ್ರೀ ನಿಮ್ಮ ಸಾಮಾನು!" ಆಮೇಲೆ ಸೊಂಟದ ಪಟ್ಟಿ ಸಡಿಲವಾಯಿತು. ಒಂದು ಕಾಲು ಹೊರಗೆ ಬಂತು. ಇನ್ನೊಂದು ಕಾಲೂ ಬಂತು. ಪಟ್ಟಿ ಹಗ್ಗದ ತುದಿಯಲ್ಲಿ ಖಾಲಿಯಾಗಿ ತೂಗಾಡತೊಡಗಿತು. ದುಗ್ಗ ಒಂದು ಕೈಯಲ್ಲಿ ಚಡ್ಡಿ ಏರಿಸಿಕೊಳ್ಳುತ್ತ ಹಲಗೆಯ ಅಂಚಿಗೆ ಬಂದು, ಇಳಿಯಲು ಕಾಲು ಚಾಚಿದ.

ಕೆಳಗಿದ್ದವರೆಲ್ಲ ಅಯ್ಯಯ್ಯೋ ಅಂತ ಕೂಗಿಕೊಂಡರು. ಮೇಡಮ್ ಮಾತ್ರ, ಮಗುವಿಗೆ ತುತ್ತು ಉಣಿಸುವ ದನಿಯಲ್ಲಿ, "ದುಗ್ಗಪ್ಪಾ, ಅಲ್ಲೇ ಕೂತ್ಕೊಳ್ಳಪ್ಪ," ಅಂದರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂತ. ಮೇಡಮ್ ಗೋಡೆಯ ಹಿಂದಿನ ಏಣಿ ಹತ್ತಿ, ಏಣಿಯ ಮೇಲೇ ನಿಂತು ಅವನಿಗೆ ಪಟ್ಟಿ ಬಿಗಿದು, ಹಗ್ಗ ಹಿಡಿದು ಹಿಂದಕ್ಕೆ ವಾಲಿ ಇಳಿಯುವುದನ್ನು ಅಲ್ಲೇ ತೋರಿಸಿದರು. ಹಿಂದಕ್ಕೆ ನಡೆಯುವುದು ತಾನೇ? ದುಗ್ಗ ರಾಟೆಯ ಮುಂದೆ ನಡೆದಷ್ಟೇ ಸಲೀಸಾಗಿ ಗೋಡೆಯ ಮೇಲೆ ಹಿಂದಕ್ಕೆ ನಡೆದು ಇಳಿದುಬಿಟ್ಟ. ಮೇಡಮ್ ಬೆರಗಾದರು. ಬೆರಗು ಮುಗಿದ ಮೇಲೆ ಬೈದರು.

"ಕತ್ತೇ! ನೆಲ ಮುಟ್ಟೋತನಕ ಏನನ್ನೂ ಬಿಚ್ಚಬಾರದು! ಹೆಜ್ಜೆ ಇಡೋ ಮೊದಲು ನಿನ್ನ ಗಂಟನ್ನ ಎದುರಿಗಿರೋರಿಗೆ ತೋರಿಸಬೇಕು. ಅವರು ನೋಡಿ ಹೂಂ ಅಂದಮೇಲೇ ಹೆಜ್ಜೆ!"

"ಆಯ್ತು ಮೇಡಮ್ಮೋರೇ, ಹಾಗೇ ಮಾಡ್ತೀನಿ."

ಮರುದಿನ ಬೆಳಿಗ್ಗೆ ದುಗ್ಗ ಪೈಜಾಮ ಹಾಕಿಕೊಂಡ. ಲಾಡಿ ಗಂಟು ಹಾಕಿದ. ಹೆಜ್ಜೆ ಇಡುವ ಮೊದಲು ಎದುರಿಗೆ ಯಾರಿದ್ದಾರೆ ಅಂತ ನೋಡಿದ. ಬೀದಿ ನಲ್ಲಿಯಲ್ಲಿ ಹೆಂಗಸರ ಸಾಲು ನಿಂತಿತ್ತು. ದುಗ್ಗ ಹೊಸ್ತಿಲ ಮೇಲೇ ನಿಂತು ಅಂಗಿ ಎತ್ತಿ ಹಿಡಿದ.

"ಅಕ್ಕಾ, ನನ್ನ ಗಂಟು ನೋಡಿ ಹೂಂ ಅನ್ರೀ! ಚಿಗವ್ವಾ, ನೀವಾದ್ರೂ ನೋಡ್ರೀ!"

ಹೂಂ ಅನ್ನುವ ಬದಲು ಕೊಡಗಳು ಬಂದವು. ತುಂಬಿದ ಕೊಡ, ಖಾಲಿ ಕೊಡ, ತಾಮ್ರದ ಕೊಡ. ಬೆನ್ನು ತಿಕ್ಕಿಕೊಳ್ಳುತ್ತ ಒಳಗೆ ಬಂದವನನ್ನು ಕೊಟ್ರವ್ವ ಪೊರಕೆ ಹಿಡಿದು ಎದುರುಗೊಂಡಳು.

"ಮಾನ ಕಳೆದೆಯಲ್ಲೋ! ಹೆಂಗಸರಿಗೆ, ದೊಡ್ಡೋರಿಗೆ ಗಂಟು ತೋರಿಸ್ತಾರೇನೋ? ಎದುರಿಗೆ ದೊಡ್ಡೋರು ಬಂದ್ರೆ ಎರಡೂ ಕೈ ಎತ್ತಿ ಮುಗೀಬೇಕು!"

"ಆಯ್ತವ್ವಾ, ಹಾಗೇ ಮಾಡ್ತೀನಿ."

ಅವತ್ತು ಹಗ್ಗ ಹಿಡಿಯುವ ಪಾಠ. ಒಬ್ಬ ಗೋಡೆ ಹತ್ತುತ್ತಾನೆ. ಅವನ ಸೊಂಟದ ಹಗ್ಗ ನೆತ್ತಿಯ ಕಬ್ಬಿಣದ ಬಳೆಯಲ್ಲಿ ತೂರಿ ಕೆಳಗೆ ಬರುತ್ತದೆ. ಕೆಳಗೆ ನಿಂತವನ ಸೊಂಟದ ಕೊಂಡಿಯಲ್ಲಿ ನುಸುಳಿ ಅವನ ಬಲಗೈಗೆ ಸೇರುತ್ತದೆ. ಹತ್ತುವವನು ಏರಿದಂತೆ ಕೆಳಗಿನವನು ಹಗ್ಗ ಎಳೆದುಕೊಳ್ಳುತ್ತ ಹೋಗಬೇಕು. ಮೇಲಿನವನು ಜಾರಿದರೆ ಅವನ ಪ್ರಾಣ ಆ ಬಲಗೈಯಲ್ಲಿ. ಅದಕ್ಕೆ ಅವರು ಬಿಲೇ ಅನ್ನುತ್ತಾರೆ. ಪ್ರಾಣ ಅಂದರೇ ಸಾಕಿತ್ತು.

ಹತ್ತಿದವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ತಿಪ್ಪೇಶಿ, ಗುಂಡು ಆಳು. ಹಿಡಿದವನು ದುಗ್ಗ. ಚೆನ್ನಾಗಿಯೇ ಹಿಡಿದಿದ್ದ. ಮೇಷ್ಟ್ರು ನೆತ್ತಿ ಮುಟ್ಟಿ, "ಇಳಿಸಪ್ಪಾ!" ಅಂತ ಎರಡೂ ಕೈ ಬಿಟ್ಟು ಹಿಂದಕ್ಕೆ ಕೂತರು. ಅದೇ ಹೊತ್ತಿಗೆ ಗೇಟಿನಲ್ಲಿ ಜೀಪು ಬಂತು. ಜೀಪಿನಿಂದ ಪರೀಕ್ಷೆ ಮಾಡುವ ಸಾಹೇಬರು ಇಳಿದರು. ಬಿಳಿ ಶರ್ಟು, ಕಪ್ಪು ಕನ್ನಡಕ. ದೊಡ್ಡವರು!

ದುಗ್ಗ ಎರಡೂ ಕೈ ಎತ್ತಿ ಮುಗಿದ.

ಹಗ್ಗ ಹಾವಾಯಿತು. ಸುಂಯ್ ಅಂತು. ಮೇಷ್ಟ್ರು "ಯಪ್ಪಾ" ಅನ್ನುತ್ತ ಬಂದರು, ಗೋಡೆಯ ಹಳದಿ ಹಿಡಿಕೆ ಹೋಯಿತು, ಕೆಂಪು ಹೋಯಿತು, ನೀಲಿ ಹೋಯಿತು. ಮೇಡಮ್ ಹಾರಿ ಹಗ್ಗದ ಬಾಲಕ್ಕೆ ಬಿದ್ದು ಎರಡೂ ಕೈಯಲ್ಲಿ ಹಿಡಿದರು, ಹಗ್ಗ ಅವರನ್ನೂ ಮಾರುದೂರ ಎಳೆದುಕೊಂಡು ಹೋಗಿ ನಿಂತಿತು. ಮೇಷ್ಟ್ರ ಚಪ್ಪಟೆ ಮೂಗು ನೆಲಕ್ಕೆ ಗೇಣು ದೂರ. ಅದು ಮೊದಲೂ ಚಪ್ಪಟೆಯೇ ಇತ್ತು ಅಂತ ನೋಡಿದವರು ಹೇಳುತ್ತಾರೆ.

ಮೇಡಮ್ಮಿನ ಅಂಗೈ ಸುಲಿದಿತ್ತು. ಅದನ್ನು ದುಗ್ಗನ ಮುಖದ ಮುಂದೆ ಹಿಡಿದರು. "ನೋಡು! ಹಗ್ಗ ಹಿಡಿದ ಕೈ ಬಿಡಬಾರದು! ದೊಡ್ಡೋರು ಬರಲಿ, ದೇವರೇ ಬರಲಿ, ಬಿಡಬಾರದು! ಆಚೆ ತುದೀಲಿರೋರು ನೆಲ ಮುಟ್ಟಿ 'ಸರಿ' ಅಂತಾರೆ. ಅವರು 'ಸರಿ' ಅನ್ನೋತನಕ ಆ ಕೈ ನಿಂದಲ್ಲ, ಅವರದು!"

"ಆಯ್ತು ಮೇಡಮ್ಮೋರೇ, ಹಾಗೇ ಮಾಡ್ತೀನಿ."

ಆ ಹಗ್ಗದ ತುದಿಯಲ್ಲೇ ನೆಲದ ಮೇಲೆ ಕುಸಿದು ಕೂತಿದ್ದ ಮೇಷ್ಟ್ರ ಮುಂದೆ ಒಮ್ಮೆ ಮಾಡಿ ತೋರಿಸಿದ. ದುಗ್ಗ ಹಿಡಿದ. ಮೇಷ್ಟ್ರು "ಸರಿ" ಅಂದರು. ಅಂದದ್ದೇ ತಡ, ಕೆಂಡ ಮುಟ್ಟಿದವನ ಹಾಗೆ ದುಗ್ಗ ಎರಡೂ ಕೈ ಬಿಟ್ಟ. "ಹಾಂ, ಇದು!" ಅಂದರು ಮೇಡಮ್. ಸಾಹೇಬರು ಮಾತ್ರ ಕಪ್ಪು ಕನ್ನಡಕ ತೆಗೆದು ದುಗ್ಗನನ್ನೇ ನೋಡಿ, "ಪರೀಕ್ಷೆಗೆ ಇವನೂ ಇದ್ದಾನಾ?" ಅಂತ ಕೇಳಿ, ಮತ್ತೆ ಕನ್ನಡಕ ಹಾಕಿಕೊಂಡರು.

ಪರೀಕ್ಷೆಯ ಹಿಂದಿನ ದಿನ ಕೊಟ್ರವ್ವ, "ಸರಿ, ಎಮ್ಮೆಗೆ ನೀರು ಕುಡಿಸಿಕೊಂಡು ಬಾ," ಅಂತ ಎಮ್ಮೆಯ ಹಗ್ಗ ಅವನ ಕೈಗೆ ಕೊಟ್ಟಳು. ಹೊತ್ತು ನೆತ್ತಿಗೆ ಬಂತು, ಇಳಿಯಿತು, ಮಗನಿಲ್ಲ. ಹುಡುಕಿಕೊಂಡು ಹೋದರೆ ಎಮ್ಮೆ ಕೆರೆಯ ನಡುವೆ ಸುಖವಾಗಿ ಮಲಗಿದೆ. ಹಗ್ಗ ಹಿಡಿದ ದುಗ್ಗ ಕುತ್ತಿಗೆಮಟ್ಟ ನೀರಲ್ಲಿ ನಿಂತು ನಡುಗುತ್ತಿದ್ದಾನೆ.

"ಬಿಟ್ಟು ಬಾರೋ ಮೇಲಕ್ಕೆ!"

"ಎಮ್ಮೆ ಇನ್ನೂ 'ಸರಿ' ಅಂದಿಲ್ಲವ್ವಾ!"

"ಸರಿ ಸರಿ ಸರಿ! ನಾನು ಅಂದೆ, ಬಾ!"

"ನೀನಂದ್ರೆ ಆಗಲ್ಲವ್ವಾ, ನೀನು ಆಚೆ ತುದೀಲಿಲ್ಲ!"

ಕೊಟ್ರವ್ವ ಸೀರೆ ಎತ್ತಿಕಟ್ಟಿ ಕೆರೆಗಿಳಿದಳು, ಎಮ್ಮೆಗೆರಡು, ಮಗನಿಗೆ ನಾಕು ಬಾರಿಸಿದಳು. "ಎಮ್ಮೆಯಂಥ ಎಮ್ಮೇನೇ! ಮನೆಗೆ ಹೊರಟಾಗ ಹಗ್ಗದ ತುದೀಲಿರೋದು ಮೊಂಡು ಮಾಡಿದ್ರೆ ಕಾಯ್ಕೊಂಡು ನಿಲ್ಲಬಾರದು! ಹಗ್ಗ ಹೆಗಲಿಗೆ ಹಾಕ್ಕೋ, ಹಿಂದೆ ತಿರುಗಿ ನೋಡಬೇಡ, ಎಳಕೊಂಡು ನಡಿ!"

"ಆಯ್ತವ್ವಾ, ಹಾಗೇ ಮಾಡ್ತೀನಿ."

ಪರೀಕ್ಷೆಯ ದಿನ ಬಂತು. ಊರಿಗೆ ಊರೇ ಮೈದಾನದಲ್ಲಿ. ಇಳಿಯುವ ಪರೀಕ್ಷೆಯಲ್ಲಿ ದುಗ್ಗ ಹಿಂದಕ್ಕೆ ನಡೆದು ಇಳಿದದ್ದು ನೋಡಿ ಸಾಹೇಬರೇ ತಲೆದೂಗಿದರು. ಇನ್ನು ಹಗ್ಗ ಹಿಡಿಯುವ ಪರೀಕ್ಷೆ. ಜೀವಂತ ಮನುಷ್ಯನೊಬ್ಬ ಹತ್ತಬೇಕು, ದುಗ್ಗ ಹಿಡಿಯಬೇಕು.

"ಯಾರು ಹತ್ತೋರು?" ಅಂದರು ಸಾಹೇಬರು.

ತಿಪ್ಪೇಶಿ ಮೇಷ್ಟ್ರು ಜನರ ಹಿಂದೆ ಹೋಗಿ ಕೂತರು.

"ಹತ್ತೋರಿಲ್ಲದಿದ್ರೆ ಇವನು ಫೇಲು."

"ಫೇಲಾ?" ಜನರನ್ನು ಸೀಳಿಕೊಂಡು ಕೊಟ್ರವ್ವ ಬಂದಳು. "ನಾನು ಹತ್ತೀನಿ! ಇವನನ್ನ ಹೊತ್ತೋಳು ನಾನು, ಇವತ್ತು ಇವನು ನನ್ನ ಹೊರಲಿ!"

"ಬೇಡ ಕೊಟ್ರಮ್ಮಾ," ಅಂದರು ಮೇಡಮ್.

"ಹಂಗಾದ್ರೆ ನಾಳೆ ಇವನಿಗೆ ಯಾರು ಕೆಲಸ ಕೊಡ್ತಾರೆ, ನೀವು ಹೇಳ್ರಿ ತಾಯಿ!"

ಮೇಡಮ್ ಪಟ್ಟಿ ತಂದರು. ಸೀರೆಗೆ ಕಚ್ಚೆ ಹಾಕಿ ನಿಂತವಳ ಸೊಂಟಕ್ಕೆ ತಾವೇ ಬಿಗಿದರು, ಗಂಟು ತಾವೇ ಹಾಕಿದರು, ತಾವೇ ಎಳೆದು ನೋಡಿದರು, ಮತ್ತೊಮ್ಮೆ ನೋಡಿದರು. ದುಗ್ಗನ ಬೆನ್ನ ಹಿಂದೆ ಹಗ್ಗದ ಬಾಲ ಹಿಡಿದು ತಾವೂ ನಿಂತರು. ಮಗ ಕೈ ಬಿಟ್ಟರೂ ಇವರಿದ್ದಾರೆ.

ಕೊಟ್ರವ್ವ ಹತ್ತಿದಳು. ಒಣಗಿದ ಜೀವ, ನಾರಿನ ಹಾಗೆ ಗಟ್ಟಿ. ಅವಳು ಏರಿದ ಹಾಗೆ ದುಗ್ಗ ಹಗ್ಗ ಎಳೆದುಕೊಳ್ಳಬೇಕು. ಎಳೆದುಕೊಳ್ಳಲು ಕೈ ಸರಿಸಬೇಕು. ಕೈ ಸರಿಸಿದರೆ ಬಿಟ್ಟ ಹಾಗಲ್ಲವೇ? ಬಿಡಬಾರದು! ಅದಕ್ಕೆ ದುಗ್ಗ ತನಗೆ ಗೊತ್ತಿದ್ದನ್ನು ಮಾಡಿದ. ಹಿಂದಕ್ಕೆ ನಡೆದ.

ಅವ್ವ ಒಂದು ಹಿಡಿಕೆ ಏರಿದಳು, ಮಗ ಒಂದು ಹೆಜ್ಜೆ ಹಿಂದೆ. ಅವ್ವ ಏರಿದಳು, ಮಗ ಹಿಂದೆ.

"ಎಲ್ಲಿಗೋ! ನಿಲ್ಲೋ!" ಅಂತ ಮೇಡಮ್ ಅವನ ಬೆನ್ನಿಗೆ ಬೆನ್ನು ಕೊಟ್ಟು ತಳ್ಳಿದರು. ಒನಕೆಯನ್ನು ಸೌಟು ತಳ್ಳಿದ ಹಾಗಾಯಿತು. ಹಿಂದೆ ಲಾಂಗ್ ಜಂಪಿನ ಮರಳು ಗುಂಡಿ. ಮೇಡಮ್ ಅದರಲ್ಲಿ ಬಿದ್ದರು, ಹಗ್ಗದ ಬಾಲ ಕೈಬಿಟ್ಟಿತು. ದುಗ್ಗ ಅವರನ್ನು ದಾಟಿಕೊಂಡು ಹಿಂದಕ್ಕೆ ನಡೆದೇ ನಡೆದ. ಈಗ ಕೊಟ್ರವ್ವನ ಪ್ರಾಣಕ್ಕೆ ಆ ಒಂದು ಕೈ ಬಿಟ್ಟರೆ ಇನ್ನೊಂದಿಲ್ಲ.

ಆಗಲೇ ನೆತ್ತಿಯ ಹತ್ತಿರದ ಹಸಿರು ಹಿಡಿಕೆ ತಿರುಪು ಸಡಿಲಾಗಿ ಗಿರ್ರನೆ ತಿರುಗಿತು. ಕೊಟ್ರವ್ವನ ಕೈ ಜಾರಿತು. ಕಾಲೂ ಜಾರಿತು. ಹೆಂಗಸರು ಕಣ್ಣು ಮುಚ್ಚಿಕೊಂಡರು.

ಬೀಳಲಿಲ್ಲ. ಗೇಣುದ್ದವೂ ಬೀಳಲಿಲ್ಲ. ರಾಟೆಗೆ ಕಟ್ಟಿದ ಎಳೆಯ ಹಾಗೆ ಹಗ್ಗ ಬಿಗಿಯಾಗಿತ್ತು. ಅವಳು ಗಾಳಿಯಲ್ಲಿ ಬುಗುರಿಯಂತೆ ಒಂದು ಸುತ್ತು ತಿರುಗಿ ನಿಂತಳು. ಅತ್ತ ಮೈದಾನದ ಕೊನೆಯಲ್ಲಿ, ಗೇಟಿನ ಹತ್ತಿರ, ದುಗ್ಗ ಹಿಮ್ಮಡಿ ಊರಿ ನಿಂತಿದ್ದ. ಬೆನ್ನ ಹಿಂದೆ ರಸ್ತೆ, ರಸ್ತೆಯಲ್ಲಿ ಜಲ್ಲಿ ಲಾರಿಗಳು ಭರ್ರೋ ಅಂತಿದ್ದವು.

"ಭಲೇ!" ಅಂದರು ಸಾಹೇಬರು. "ಇಳಿಸಪ್ಪ ಇನ್ನು!"

ದುಗ್ಗ ಅಲುಗಲಿಲ್ಲ. "ಆಚೆ ತುದೀಲಿರೋರು 'ಸರಿ' ಅನ್ನೋತನಕ ಬಿಡಾಂಗಿಲ್ಲ ಸಾ!"

ಮೇಲಿಂದ ಕೊಟ್ರವ್ವ ಬಾಯಿ ತೆಗೆದಳು. ಅವಳ ಯಾವ ಮಾತಿಗೂ ಮುಂಚೆ ಏನು ಬರುತ್ತದೆ ಅಂತ ನಿಮಗೆ ಗೊತ್ತು. ಮೇಡಮ್ಮಿಗೂ ಗೊತ್ತಿತ್ತು.

"ಸ—"

"ಅನ್ನಬೇಡ ಕೊಟ್ರಮ್ಮಾ!" ಮರಳು ಉಗುಳುತ್ತ ಮೇಡಮ್ ಕಿರುಚಿದರು. "ಆ ಮಾತು ಅನ್ನಬೇಡ! ಅಂದ್ರೆ ಬಿಟ್ಟೇಬಿಡ್ತಾನೆ!"

ಕೊಟ್ರವ್ವ ಎರಡೂ ಕೈಯಲ್ಲಿ ತನ್ನ ಬಾಯಿ ಒತ್ತಿ ಹಿಡಿದಳು. ಮೈದಾನದಲ್ಲಿ ಒಬ್ಬ ಮುದುಕ ಕೆಮ್ಮಲು ಹೋಗಿ ಕೆಮ್ಮನ್ನೂ ನುಂಗಿಕೊಂಡ. ಮೇಡಮ್ ಒಂದು ಹೆಜ್ಜೆ ದುಗ್ಗನ ಕಡೆ ಇಟ್ಟರು.

"ಹತ್ರ ಬರಬ್ಯಾಡ್ರಿ ಮೇಡಮ್ಮೋರೇ!" ದುಗ್ಗ ಬೆದರಿ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಲಾರಿಯ ಗಾಳಿಗೆ ಅವನ ಅಂಗಿ ಹಾರಿತು. ಮೇಡಮ್ ಇದ್ದಲ್ಲೇ ಕಲ್ಲಾದರು.

ಕೊಟ್ರವ್ವ ಮೇಲಿಂದ ನೋಡಿದಳು. ನೆತ್ತಿಯ ಬಳೆಯಿಂದ ಮಗನ ಸೊಂಟದವರೆಗೆ ಉದ್ದಕ್ಕೆ ಬಿಗಿದ ಹಗ್ಗ. ತುದಿಯಲ್ಲಿ ಎಳೆ ಹಿಡಿದು ನಿಂತ ಮಗ. ಇದನ್ನು ಅವಳು ಜೀವಮಾನವಿಡೀ ನೋಡಿದ್ದಾಳೆ. ಬಾಯಿಂದ ಕೈ ತೆಗೆದಳು. ಉಸಿರೆಳೆದುಕೊಂಡಳು. ರಾಗ ತೆಗೆದಳು.

"ಬಾರೋ ಬಾ... ಮೆಲ್ಲಕೆ ಬಾ..."

ದುಗ್ಗನ ಮುಖ ಅರಳಿತು. ಕಾಲು ತಾನಾಗಿ ಎದ್ದಿತು. ಒಂದು ಹೆಜ್ಜೆ ಮುಂದಕ್ಕೆ. ಅವ್ವ ಒಂದು ಮೊಳ ಕೆಳಕ್ಕೆ.

"ಬಾರೋ ಬಾ..." ಇನ್ನೊಂದು ಹೆಜ್ಜೆ, ಇನ್ನೊಂದು ಮೊಳ. ಹಗ್ಗ ಸಡಿಲಾಗಲಿಲ್ಲ, ಕೈ ಬಿಡಲಿಲ್ಲ. ಮರಳು ಗುಂಡಿ ಬಳಸಿ ಬಂದ, ಮೇಡಮ್ಮನ್ನು ದಾಟಿ ಬಂದ, ಹಸುಗೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅವ್ವನನ್ನು ನೆಲಕ್ಕಿಳಿಸಿ ಅವಳ ಎದುರಿಗೆ ಬಂದು ನಿಂತ.

ಮೈದಾನ ಹೋ ಅಂತು. ಸಾಹೇಬರು ಕನ್ನಡಕ ತೆಗೆದು, "ಪಾಸ್! ಇಂಥ ಕೈ ನಾನು ನೋಡಿಲ್ಲ. ಕೆಲಸ ಇವನದೇ!" ಅಂತ ಎಲ್ಲರೂ ಕೇಳುವ ಹಾಗೆ ಕೂಗಿದರು. ಮೇಡಮ್ ಮರಳಲ್ಲೇ ಕೂತು ಅತ್ತರು. ಕೊಟ್ರವ್ವ ಮಗನ ಕೆನ್ನೆ ಸವರಿದಳು, ನೆಟಿಗೆ ಮುರಿದಳು. ಈಗ ಅನ್ನಬೇಕಾದ ಮಾತು ಒಂದೇ ಒಂದಿತ್ತು. ಆದರೆ ಆ ಮಾತಿಗೆ ಅವಳು ಎಷ್ಟು ಬೆದರಿದ್ದಳು ಅಂದರೆ ಈ ಜನ್ಮದಲ್ಲಿ ಇನ್ನದನ್ನು ಆಡುವುದಿಲ್ಲ ಅಂತ ಮೇಲೆ ತೂಗಾಡುವಾಗಲೇ ಆಣೆ ಹಾಕಿಕೊಂಡುಬಿಟ್ಟಿದ್ದಳು.

"ಗೆದ್ದೆ ಕಣೋ ನನ್ನಪ್ಪಾ!" ಅಂದಳು. "ನಡಿ, ಮನೆಗೆ ಹೋಗಾನ."

"ಆಯ್ತವ್ವಾ," ಅಂತ ದುಗ್ಗ ಮನೆಯ ಕಡೆ ತಿರುಗಿ ಹೊರಟ.

ಹಗ್ಗ ಜಗ್ಗಿತು. ತುದಿಯಲ್ಲಿ ಏನೋ ಮೊಂಡು ಹಿಡಿದ ಹಾಗಿತ್ತು. ಹಾಗಾದರೆ ಏನು ಮಾಡಬೇಕು ಅಂತ ನಿನ್ನೆ ತಾನೇ ಕಲಿತಿದ್ದ. ಹಗ್ಗ ಹೆಗಲಿಗೆ ಹಾಕಿಕೊಂಡ. ಹಿಂದೆ ತಿರುಗಿ ನೋಡಲಿಲ್ಲ. ಎಳೆದ.

"ಅಯ್ಯಯ್ಯೋ! ನಿಲ್ಲೋ! ಗಂಟು ಬಿಚ್ಚಿಲ್ಲ ಕಣೋ!" ಕೊಟ್ರವ್ವನ ಕಾಲು ನೆಲ ಬಿಟ್ಟಿತು. ಕೆಂಪು ಹಿಡಿಕೆ ದಾಟಿದಳು, ಹಳದಿ ದಾಟಿದಳು. ಮೇಡಮ್ ಅವನ ಕಾಲು ಕಟ್ಟಿಕೊಂಡರು, ಅವರನ್ನೂ ಎಳೆದುಕೊಂಡು ನಡೆದ. ಸಾಹೇಬರು ಜೀಪಿನ ಹಿಂದೆ ಅಡಗಿದರು. ಅರ್ಧ ಗೋಡೆಯಲ್ಲಿ ತೂಗುತ್ತ ಕೊಟ್ರವ್ವನಿಗೆ ಮಗನನ್ನು ಹಿಡಿತಕ್ಕೆ ತರುವ ದಾರಿ ನೆನಪಾಯಿತು. ಉಸಿರೆಳೆದುಕೊಂಡು ರಾಗ ತೆಗೆದಳು.

"ಬಾರೋ ಬಾ... ಮೆಲ್ಲಕೆ ಬಾ..."

ದುಗ್ಗನ ಕಿವಿಗೆ ರಾಗ ಬಿತ್ತು, ಮುಖ ಅರಳಿತು. ಆ ರಾಗ ಬಂದರೆ ಮುಂದಕ್ಕೆ ನಡೆಯಬೇಕು. ಮುಂದೆ ಮನೆಯ ದಾರಿ ನೆಟ್ಟಗೆ ಕಾಣುತ್ತಿತ್ತು. ಒಂದು ಹೆಜ್ಜೆ ಮುಂದಕ್ಕಿಟ್ಟ. ಇನ್ನೊಂದು ಇಟ್ಟ. ರಾಗ ಏರಿದ ಹಾಗೆ ಕೊಟ್ರವ್ವನೂ ಏರಿದಳು.